ಗಾಳೆವ್ವನ ಕನ್ನಡಕ

ಮೂರು ವರ್ಷಗಳಲ್ಲಿ ಫಕೀರವ್ವ ಹಿಟ್ಟಿನ ಗಿರಣಿಗೆ ಹೋದಷ್ಟು ಸಲ ಇಡೀ ಜಿಲ್ಲೆಯಲ್ಲಿ ಇನ್ನೊಬ್ಬ ಹೆಂಗಸು ಹೋಗಿರಲಿಕ್ಕಿಲ್ಲ. ಬೆಳಿಗ್ಗೆ ಹೋಗುತ್ತಿದ್ದಳು, ತನ್ನ ಖಾನಾವಳಿಯಲ್ಲಿ ಊಟದವರು ತಾಟಿನ ಮುಂದೆ ಕೂತಿರುವಾಗಲೂ ಹೋಗುತ್ತಿದ್ದಳು, ಗಿರಣಿಗೆ ಬೀಗ ಬಿದ್ದಿರುವ ಸೋಮವಾರವೂ ಹೋಗುತ್ತಿದ್ದಳು. ಎಷ್ಟೋ ಸಲ ಜೋಳದ ಚೀಲ ಮನೆಯಲ್ಲೇ ಉಳಿದಿರುತ್ತಿತ್ತು. ಗಂಡ ಮುದಕಪ್ಪ ಒಂದು ದಿನವಾದರೂ ಚೀಲ ಬಿಟ್ಟು ಹೋಗಿ ಏನು ಬೀಸಿಸಿಕೊಂಡು ಬಂದೆ ಎಂದು ಕೇಳಿದವನಲ್ಲ. ದೇವರು ತನಗೆ ಇಷ್ಟು ಮಂಕು ಗಂಡನನ್ನು ಕೊಟ್ಟದ್ದು ದೊಡ್ಡ ಉಪಕಾರವಾಯಿತೆಂದು ಫಕೀರವ್ವ ಆಗಾಗ ಕೈಮುಗಿಯುತ್ತಿದ್ದಳು.

ಊರು ಗಾಳಿಗುಡ್ಡ. ಬೆನ್ನಿಗೆ ಗುಡ್ಡ, ಗುಡ್ಡದ ತುಂಬ ಕರೆಂಟು ತಯಾರಿಸುವ ಗಾಳಿಯಂತ್ರಗಳು, ಆಚೆ ಬದಿಗೆ ಕಲ್ಲಿನ ಕ್ವಾರಿ, ಕೆಳಗೆ ತುಂಬಿ ಹರಿಯುವ ಕಾಲುವೆ. ಸಾಯುವುದಕ್ಕೆ ಬೇಕಾದ ಅನುಕೂಲಗಳೆಲ್ಲ ಕಾಲ್ನಡಿಗೆಯಲ್ಲೇ ಇದ್ದವು. ಅದಕ್ಕೇ ಸರ್ಕಾರದ ಆಪತ್ತು ಪ್ರಯೋಗಾಲಯದವರು ತಮ್ಮ ಬಲಕವಚವನ್ನು ಈ ಊರಿಗೆ ಕೊಟ್ಟಿದ್ದರು. ತೊಟ್ಟವರ ಸ್ನಾಯುಗಳ ಸೆಳೆತವನ್ನು ಓದಿ, ಅದನ್ನು ಇಪ್ಪತ್ತು ಪಟ್ಟು ಹೆಚ್ಚಿಸುವ ಅಂಗಿ ಅದು. ತೊಟ್ಟವರು ಎತ್ತಿನ ಬಂಡಿಯನ್ನು ಎತ್ತಬಹುದು, ಎರಡು ಮಾಳಿಗೆ ಎತ್ತರಕ್ಕೆ ನೆಗೆಯಬಹುದು. ಮೊದಲು ಕುಸ್ತಿಯ ಪೈಲ್ವಾನರನ್ನು ಕರೆಸಿ ತೊಡಿಸಿ ನೋಡಿದರು. ಒಬ್ಬ ಪೈಲ್ವಾನ ಚಿಲಕ ತೆಗೆಯಲು ಹೋಗಿ ಬಾಗಿಲನ್ನೇ ಕಿತ್ತು ಕೈಯಲ್ಲಿ ಹಿಡಿದುಕೊಂಡು ನಿಂತ. ಪ್ರಯೋಗಾಲಯದ ಊರಿನ ಕೇಂದ್ರಕ್ಕೆ ಬುತ್ತಿ ತರುತ್ತಿದ್ದ ಫಕೀರವ್ವ ನಗುನಗುತ್ತಲೇ ಅಂಗಿ ತೊಟ್ಟು, ಡಬ್ಬಿಯಿಂದ ಒಂದು ಹಪ್ಪಳವನ್ನು ಎತ್ತಿ ಮುರಿಯದೆ ಮೇಜಿನ ಮೇಲಿಟ್ಟಳು. ಇಪ್ಪತ್ತೈದು ವರ್ಷ ಜೋಳದ ರೊಟ್ಟಿಯನ್ನು ಹರಿಯದಂತೆ ತಟ್ಟಿದ ಕೈಗೆ ಎಲ್ಲಿ ಎಷ್ಟು ಒತ್ತಬೇಕೆಂಬುದು ಗೊತ್ತಿತ್ತು. ಅಂದೇ ಅವಳ ಆಯ್ಕೆಯಾಯಿತು. ಕವಚ ತೊಟ್ಟು ಬಂದವಳಿಗೆ ಗಾಳೆವ್ವ ಎಂದು ಹೆಸರಿಟ್ಟದ್ದು ಊರು.

ಮುಖಕ್ಕೆ ಮುಸುಕು ಇರಲಿಲ್ಲ. ಆಪತ್ತಿನಲ್ಲಿದ್ದವರು ಮುಸುಕು ಕಂಡರೆ ಇನ್ನಷ್ಟು ಹೆದರುತ್ತಾರೆ. ಅದರ ಬದಲು ದಪ್ಪ ಕಪ್ಪು ಚೌಕಟ್ಟಿನ ಒಂದು ಕನ್ನಡಕವಿತ್ತು, ಅದಕ್ಕೆ ಮುಖಮರೆ ಎನ್ನುತ್ತಿದ್ದರು. ನಾವು ಮುಖವನ್ನು ಕಣ್ಣು, ಮೂಗು, ಬಾಯಿ ಎಂದು ಬಿಡಿಬಿಡಿಯಾಗಿ ನೋಡುವುದಿಲ್ಲ. ಮಿದುಳಿನ ಒಂದು ಮೂಲೆ ಎಲ್ಲವನ್ನೂ ಒಂದೇ ನೋಟಕ್ಕೆ ಕೂಡಿಸಿ ಇಂಥವರು ಎಂದು ಹೇಳುತ್ತದೆ. ಕನ್ನಡಕದ ಚೌಕಟ್ಟು ಕಣ್ಣಿಗೆ ಕಾಣದ ಮಿನುಗು ಬೆಳಕು ಬಿಟ್ಟು ಆ ಕೂಡಿಸುವ ಕೆಲಸವೊಂದನ್ನೇ ಕೆಡಿಸುತ್ತದೆ. ಎದುರಿಗಿದ್ದವರಿಗೆ ಅಕ್ಷರಗಳೆಲ್ಲ ಕಂಡರೂ ಶಬ್ದ ಓದಲು ಬಾರದ ಹಾಗಾಗುತ್ತದೆ.

ಇಷ್ಟೆಲ್ಲ ಗುಟ್ಟು ಯಾಕೆಂದರೆ, ಮೊದಲು ಕವಚ ಕೊಟ್ಟಿದ್ದ ಇನ್ನೊಂದು ಊರಿನಲ್ಲಿ ತೊಟ್ಟವನ ಗುರುತು ಬಯಲಾಗಿತ್ತು. ಅವನು ಲೈನ್‌ಮನ್. ಕಾಪಾಡಿಸಿಕೊಂಡವರು ಅವನ ಅಂಗಳದಲ್ಲೇ ಬಿಡಾರ ಹೂಡಿದರು. ತಮ್ಮವರನ್ನು ಕಳೆದುಕೊಂಡವರು ಅವನ ಮನೆಗೆ ಕಲ್ಲು ಹೊಡೆದರು. ಆರು ತಿಂಗಳಲ್ಲಿ ಅವನು ಹೆಂಡತಿ ಮಕ್ಕಳೊಂದಿಗೆ ರಾಜ್ಯ ಬಿಟ್ಟ. ಅಂದಿನಿಂದ ನಿಯಮವಾಯಿತು: ತೊಟ್ಟವರ ಗುರುತು ಬಯಲಾದರೆ ಕವಚ ವಾಪಸ್ಸು, ಆ ಊರಿನ ಕೇಂದ್ರ ಬಂದ್.

ಶ್ರಾವಣದ ಒಂದು ಮಧ್ಯಾಹ್ನ ಗಾಳಿಯಂತ್ರವೊಂದರ ತಲೆಗೆ ಬೆಂಕಿ ಹತ್ತಿತು. ಅದನ್ನು ದುರಸ್ತಿ ಮಾಡುತ್ತಿದ್ದ ಶಿವಪುತ್ರ ಮೇಲೆಯೇ ಸಿಕ್ಕಿಬಿದ್ದ. ಫಕೀರವ್ವ ಗಿರಣಿಗೆ ಹೊರಟಳು. ಕಾಲು ಗಂಟೆಯಲ್ಲಿ ಗಾಳೆವ್ವ ಅವನನ್ನು ಬೆನ್ನ ಮೇಲೆ ಹಾಕಿಕೊಂಡು ಕಬ್ಬಿಣದ ಕಂಬದಿಂದ ಇಳಿಯುತ್ತಿದ್ದಳು. ಅವನ ಗಲ್ಲ ಅವಳ ಕಿವಿಗೆ ತಾಗುತ್ತಿತ್ತು.

ಒಂದು ತಾಸಿನ ನಂತರ ಅದೇ ಶಿವಪುತ್ರ ಕೈಗೆ ಪಟ್ಟಿ ಕಟ್ಟಿಸಿಕೊಂಡು ಖಾನಾವಳಿಗೆ ಬಂದು ಕೂತ.

"ಏನಪಾ, ಕೈಗೇನಾತು?" ಫಕೀರವ್ವ ರೊಟ್ಟಿ ಹಾಕುತ್ತ ಕೇಳಿದಳು.

"ಗಾಳೆವ್ವ ಬಂದ್ಲಕ್ಕಾ. ಇಲ್ಲಾಂದ್ರ ಇವತ್ತ ನಾ ಸುಟ್ಟ ಬದನಿಕಾಯಿ ಆಗತಿದ್ದೆ."

"ಹೌದೇನು! ನಾ ಗಿರಣಿಗೆ ಹೋಗಿದ್ದೆ ನೋಡು, ನನಗ ಏನೂ ಗೊತ್ತ ಇಲ್ಲ."

"ನಿನಗ ಹ್ಯಾಂಗ ಗೊತ್ತಿರತೈತಿ ಅಕ್ಕಾ," ಎಂದು ಶಿವಪುತ್ರ ತಲೆ ತಗ್ಗಿಸಿ ಉಣ್ಣತೊಡಗಿದ. ರೊಟ್ಟಿ ನೋಡಿಕೊಂಡು ಯಾಕೆ ನಗುತ್ತಾನೋ, ಪಾಪ, ಹೆದರಿ ತಲೆ ಕೆಟ್ಟಿರಬೇಕು ಎಂದುಕೊಂಡಳು ಫಕೀರವ್ವ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವಾಗ ಅದಕ್ಕೂ ಹೀಗೇ ಅನ್ನಿಸುತ್ತಿರಬೇಕು.

ಆ ವಾರವೇ ಕವಚದ ಮೂರು ವರ್ಷಕ್ಕೊಮ್ಮೆಯ ತಪಾಸಣೆಯಿತ್ತು. ಕೇಂದ್ರದ ನಿಯಂತ್ರಣ ಕೊಠಡಿ ಇದ್ದದ್ದು ಬೀಜ ಬಿಡಿಸುವ ಹಳೆಯ ಹತ್ತಿ ಜಿನ್ನಿನ ನೆಲಮಾಳಿಗೆಯಲ್ಲಿ. ಅಲ್ಲಿನ ಮುಖ್ಯಸ್ಥ ಡಾಕ್ಟರ್ ಇಂದುಧರ ಹೊಂಬಳ ಕನ್ನಡಕದ ಚೌಕಟ್ಟನ್ನು ಬಿಚ್ಚಿ, ಭೂತಗನ್ನಡಿಯಲ್ಲಿ ನೋಡಿ, ಮೇಜಿನ ಮೇಲಿಟ್ಟರು.

"ಫಕೀರವ್ವಾರ, ಈ ಕನ್ನಡಕ ಸತ್ತೈತ್ರಿ."

"ಅಂದ್ರ?"

"ಒಳಗಿನ ತಂತಿ ಎಲ್ಲಾ ತಿಂದು ಹೋಗ್ಯಾವ. ಇದು ಮಿನುಗೋದು ನಿಲ್ಲಿಸಿ ಮೂರು ವರ್ಷ ಆಗೇತಿ. ಬರೇ ಗಾಜು ಹಾಕ್ಕೊಂಡು ಅಡ್ಡಾಡೀರಿ ನೀವು. ಇದಕ್ಕ ಏನ್ರ ಹಚ್ಚಿದ್ರೇನು?"

ಫಕೀರವ್ವ ಹಚ್ಚಿದ್ದಳು. ಮೊದಲನೆಯ ಸಲ ಕ್ವಾರಿಯ ಹೊಗೆಯಲ್ಲಿ ಮಸಿ ಹಿಡಿದಾಗ, ಗುರುವಾರ ತಾಮ್ರದ ಕೊಡಗಳ ಜೊತೆ ಕನ್ನಡಕವನ್ನೂ ಹುಣಸೆಹಣ್ಣು ಬೂದಿ ಹಚ್ಚಿ ತಿಕ್ಕಿ ತೊಳೆದಿದ್ದಳು. ಫಳಫಳ ಹೊಳೆದಿತ್ತು. ಅಂದಿನಿಂದ ಒಂದು ಗುರುವಾರವನ್ನೂ ತಪ್ಪಿಸಿರಲಿಲ್ಲ.

ಅವಳು ಅದನ್ನೆಲ್ಲ ಹೇಳಿದಾಗ ಇಂದುಧರರು ನಗಬೇಕೋ ಅಳಬೇಕೋ ತಿಳಿಯದೆ ಹಣೆ ಹಿಡಿದುಕೊಂಡರು. "ನಾ ಇದನ್ನ ಮ್ಯಾಲೆ ತಿಳಿಸಲೇಬೇಕ್ರಿ. ಪರೀಕ್ಷೆಗೆ ಜನ ಬರತಾರ. ಊರಾಗ ಒಬ್ಬರಿಗೆ ಗುರುತು ಸಿಕ್ಕಿತ್ತಂದ್ರೂ ಕವಚ ಹೊಳ್ಳಿ ಹೋಗತೈತಿ."

ಫಕೀರವ್ವ ಮನೆಗೆ ಬಂದವಳು ಒಲೆಯ ಮುಂದೆ ಕೂತಳು, ಕೈಯಾಡಲಿಲ್ಲ. ಕವಚ ಹೋದರೆ ಹೋಗಲಿ ಎನ್ನುವಂತಿರಲಿಲ್ಲ. ಮುಂದಿನ ಸಲ ಗಾಳಿಯಂತ್ರಕ್ಕೆ ಬೆಂಕಿ ಹತ್ತಿದಾಗ ಯಾರು ಹತ್ತುತ್ತಾರೆ? ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಹೋದ ವರ್ಷ ಕ್ವಾರಿ ಕುಸಿದಾಗ ಅವಳು ನಾಲ್ವರನ್ನು ಹೊರಗೆ ತಂದಿದ್ದಳು. ಐದನೆಯವನು, ಯಮನೂರಪ್ಪ, ಒಳಗೇ ಉಳಿದ. ಅವನ ತಾಯಿ ಹುಲಿಗೆವ್ವ ದಿನಾ ಖಾನಾವಳಿಗೆ ಬಂದು ಎರಡು ರೊಟ್ಟಿ ಒಯ್ಯುತ್ತಿದ್ದಳು. ಬರುವಾಗ ಹೋಗುವಾಗ ಚೆನ್ನಾಗಿ ಮಾತಾಡುತ್ತಿದ್ದಳು. ನನ್ನ ಮಗನನ್ನು ಬಿಟ್ಟು ಬಂದವಳು ಇವಳೇ ಎಂದು ಆ ಮುದುಕಿಗೆ ಗೊತ್ತಾಗಿಬಿಟ್ಟರೆ ಅವಳ ಮುಖ ಹೇಗೆ ನೋಡುವುದು?

"ಗಿರಣ್ಯಾಗ ಗದ್ಲ ಇತ್ತೇನು?" ಮುದಕಪ್ಪ ಕೇಳಿದ.

"ಹೂಂ," ಎಂದಳು. ಅಂದು ಸೋಮವಾರ.

ಪರೀಕ್ಷೆಗೆ ಬಂದವರು ಮೈಸೂರು ಕಡೆಯ ಡಾಕ್ಟರ್ ಪ್ರಫುಲ್ಲ. ಮಿದುಳು ಮುಖಗಳನ್ನು ಹೇಗೆ ನೆನಪಿಟ್ಟುಕೊಳ್ಳುತ್ತದೆ ಎಂಬುದೇ ಅವರ ವಿದ್ಯೆ. ಕವಚ ತೊಡುವವರು ಯಾರೆಂದು ಅವರಿಗೆ ಹೇಳಿರಲಿಲ್ಲ; ಹೇಳಿದರೆ ಪರೀಕ್ಷೆ ಕೆಡುತ್ತದೆ. ಶಾಲೆಯ ಒಂದು ಕೋಣೆಯಲ್ಲಿ ಕೂತು, ಊರಿನ ನಲವತ್ತೊಂದು ಜನರನ್ನು ಒಬ್ಬೊಬ್ಬರಾಗಿ ಕರೆದು, ತಂತಿಗಳಿದ್ದ ಟೊಪ್ಪಿಗೆ ಹಾಕಿ, ಪರದೆಯ ಮೇಲೆ ಗಾಳೆವ್ವನ ಫೋಟೊ ತೋರಿಸಿದರು. ಕಿವಿಯಲ್ಲಿ ಊರಿನ ಹತ್ತು ಹೆಂಗಸರ ಹೆಸರುಗಳನ್ನು ಒಂದೊಂದಾಗಿ ಕೇಳಿಸಿದರು. ಕೊನೆಗೆ ಒಂದೇ ಪ್ರಶ್ನೆ: ಇವರಲ್ಲಿ ಯಾರಾದರೂ ಗಾಳೆವ್ವ ಇರಬಹುದೇ?

ಗಡಿಗೆಯ ಬಾಯಿ ಮುಚ್ಚಬಹುದು, ಜನರ ಬಾಯಿ ಮುಚ್ಚಲಾಗದು ಎನ್ನುತ್ತಾರೆ. ಗಾಳಿಗುಡ್ಡದ ಬಾಯಿಯಂತೂ ಆ ವಾರ ಧಾರಾಳವಾಗಿ ತೆರೆದಿತ್ತು. ಗಾಳೆವ್ವ ಆರೂವರೆ ಅಡಿ ಎತ್ತರ ಎಂದರು. ಇಲ್ಲ, ಗಿಡ್ಡ ಎಂದರು. ಆಕೆ ಬಿಜಾಪುರದ ಕಡೆಯವಳು, ಮಾತಿನಲ್ಲೇ ಗೊತ್ತಾಗುತ್ತದೆ ಎಂದು ಒಬ್ಬರು ಆಣೆ ಮಾಡಿದರು. ಹಲ್ಲಿನ ಡಾಕ್ಟರು, ಆಕೆಗೆ ಮೂವತ್ತೆರಡಲ್ಲ, ಮೂವತ್ತನಾಲ್ಕು ಹಲ್ಲು ಎಂದರು. ಫಕೀರವ್ವನ ಹೆಸರು ಬಂದಾಗ ಶಿವಪುತ್ರ ಅಂದನಂತೆ, "ಬಿಡ್ರಿ ಮೇಡಮ್ಮಾರ, ಆಕಿ ಜಿರಳಿ ಕಂಡ್ರ ಗಲ್ಲಾಪೆಟ್ಟಿಗಿ ಮ್ಯಾಲ ಹತ್ತತಾಳ."

ಇದನ್ನೆಲ್ಲ ಪ್ರಫುಲ್ಲ ಮಧ್ಯಾಹ್ನದ ಊಟಕ್ಕೆ ಬಂದಾಗ ನಗುತ್ತ ಹೇಳುತ್ತಿದ್ದರು. ಫಕೀರವ್ವ ಎಣ್ಣೆಗಾಯಿ ಬಡಿಸುತ್ತ ಕೇಳಿಸಿಕೊಂಡಳು. ಬದುಕಿದೆಯಾ ಬಡಜೀವವೇ ಎನ್ನಿಸಿತು, ಜಿರಳೆಯ ಮಾತಿಗೆ ಸಿಟ್ಟೂ ಬಂತು.

"ಒಂದು ವಿಚಿತ್ರ ನೋಡಿ," ಎಂದರು ಪ್ರಫುಲ್ಲ, ಪಕ್ಕದಲ್ಲಿ ಉಣ್ಣುತ್ತಿದ್ದ ನಿವೃತ್ತ ಗುರುಸಿದ್ದಪ್ಪ ಮಾಸ್ತರರಿಗೆ. "ಮೂರು ವರ್ಷದಲ್ಲಿ ಒಬ್ಬರಿಗೂ ಆಕೆ ಯಾರು ಅಂತ ತಿಳಿದುಕೊಳ್ಳೋ ಆಸೆ ಹುಟ್ಟಲಿಲ್ವಾ ಸಾರ್?"

ಮಾಸ್ತರರು ಮಜ್ಜಿಗೆ ಕುಡಿದು ಮೀಸೆ ಒರೆಸಿಕೊಂಡರು. "ನಿಮ್ಮ ಕಡೆ ಹಗಲುವೇಷದವರು ಬರತಾರೇನ್ರಿ? ನಮ್ಮಲ್ಲಿ ವರ್ಷಕ್ಕೊಮ್ಮೆ ಬರತಾರ. ಮನಿ ಮನಿ ಮುಂದ ಒಂದಿನ ಹನುಮಪ್ಪ ಆಗಿ ಬರತಾರ, ಒಂದಿನ ಪೊಲೀಸ ಆಗಿ. ಹನುಮಪ್ಪನ ವೇಷದಾಂವ ಯಾರ ಮಗ ಅಂತ ಕೂಸಿಗೂ ಗೊತ್ತಿರತೈತಿ. ಆದ್ರ ನಾವು ಬಾರೋ ದುರಗಪ್ಪ ಅನ್ನಂಗಿಲ್ಲ. ಬಾ ಹನುಮಪ್ಪ, ಬಾಳಿಹಣ್ಣು ತಗೋ ಅಂತೀವಿ. ವೇಷದಾಗಿದ್ದಾಗ ಹೆಸರು ಹಿಡದು ಕರೀಬಾರದು. ಕರದ್ರ ವೇಷ ಕೆಡತೈತಿ. ವೇಷ ಕೆಟ್ರ ಮುಂದಿನ ವರ್ಷ ಅಂವ ಬರೋದಿಲ್ಲ."

ಪ್ರಫುಲ್ಲ ಉಣ್ಣುವುದನ್ನು ನಿಲ್ಲಿಸಿ ಅವರ ಮುಖವನ್ನೇ ನೋಡಿದರು. ಆಮೇಲೆ ಇನ್ನೊಂದು ರೊಟ್ಟಿ ಕೇಳಿದರು.

ಎಂಟನೆಯ ದಿನ ಫಕೀರವ್ವ ಎಂದಿನಂತೆ ಜಿನ್ನಿಗೆ ಬುತ್ತಿ ಒಯ್ದಳು. ಪ್ರಫುಲ್ಲ ಇಂದುಧರರ ಮುಂದೆ ದೊಡ್ಡ ಪರದೆಯಲ್ಲಿ ಗೆರೆಗಳನ್ನು ಹರಡಿ ನಿಂತಿದ್ದರು. ಇಂದುಧರರು ಗಾಬರಿಯಿಂದ ಫಕೀರವ್ವನನ್ನು ನೋಡಿ, ಹೊರಗೆ ನಿಲ್ಲಿ ಎಂದು ಕಣ್ಸನ್ನೆ ಮಾಡಿದರು.

"ಇರಲಿ ಬಿಡಿ ಸಾರ್, ಊಟ ತಂದಿದ್ದಾರೆ," ಎಂದರು ಪ್ರಫುಲ್ಲ, ತಿರುಗಿ ನೋಡದೆ. "ಇದು ನೋಡಿ. ಗುರುತಿರೋ ಮುಖಕ್ಕೆ ಸರಿಯಾದ ಹೆಸರು ಕಿವಿಗೆ ಬಿದ್ದರೆ, ಒಂದು ಸೆಕೆಂಡಿನ ಮೂರನೇ ಒಂದು ಭಾಗದಲ್ಲಿ ಮಿದುಳಲ್ಲಿ ಒಂದು ಅಲೆ ಏಳುತ್ತೆ. ಬಾಯಿ ಸುಳ್ಳು ಹೇಳೋಕೆ ಶುರು ಮಾಡೋ ಮೊದಲೇ ಎದ್ದಿರುತ್ತೆ. ಹತ್ತು ಹೆಸರಲ್ಲಿ ಒಂಬತ್ತಕ್ಕೆ ಗೆರೆ ಸಪಾಟು. ಏಳನೇ ಹೆಸರಿಗೆ..."

ಏಳನೆಯ ಹೆಸರಿಗೆ ಪರದೆಯ ಮೇಲೆ ನಲವತ್ತೊಂದು ಗೆರೆಗಳು ಒಟ್ಟಿಗೆ ಎದ್ದು ನಿಂತಿದ್ದವು.

"ಎಲ್ಲರೂ?" ಇಂದುಧರರು ಪರದೆಯತ್ತ ಬಾಗಿ ಕೇಳಿದರು.

"ಒಬ್ಬರೂ ಬಿಟ್ಟಿಲ್ಲ. ಹಲ್ಲಿನ ಡಾಕ್ಟರು, ಶಿವಪುತ್ರ, ಮಾಸ್ತರರು, ಹಿಟ್ಟಿನ ಗಿರಣಿ ಯಜಮಾನರು. ಎಲ್ಲರಿಗಿಂತ ಎತ್ತರದ ಅಲೆ ಹತ್ತೊಂಬತ್ತನೇ ನಂಬರಿನವರದ್ದು. ಐವತ್ತೆರಡು ವರ್ಷದ ಗಂಡಸು. ಅವರು ಬಾಯಲ್ಲಿ ಹೇಳಿದ್ದೇನು ಗೊತ್ತಾ? ಆ ಏಳನೇ ಹೆಸರಿನಾಕಿ ನನ್ನ ಹೆಂಡತಿ, ಆಕಿಗೆ ಗಿರಣಿ ಬಿಟ್ಟು ಬ್ಯಾರೆ ಲೋಕಾನೇ ಗೊತ್ತಿಲ್ಲ, ಅಂತ."

ಫಕೀರವ್ವ ಬುತ್ತಿಯ ಗಂಟನ್ನು ಕೆಳಗಿಡದೆ ನಿಂತೇ ಇದ್ದಳು. ಹೊತ್ತಲ್ಲದ ಹೊತ್ತಿನಲ್ಲಿ ಎದ್ದು ಹೋದಾಗ ಒಬ್ಬರೂ ರೊಟ್ಟಿಗೆ ಅವಸರ ಮಾಡಿರಲಿಲ್ಲ. ಮೈಕೈ ನೋವಿನ ದಿನಗಳಲ್ಲಿ ಪಕ್ಕದ ಮನೆಯವರು ಕೇಳದೆಯೇ ನೀರು ತುಂಬಿಟ್ಟಿದ್ದರು. ಗಿರಣಿಯವನು ಎದುರಿಗೆ ಸಿಕ್ಕಾಗಲೆಲ್ಲ, "ನಿನ್ನೆ ಬಂದಿದ್ರಲ್ಲ, ಹಿಟ್ಟು ಸಣ್ಣಗ ಆಗಿತ್ತೇನ್ರಿ?" ಎಂದು ಎಲ್ಲರೆದುರು ಕೇಳುತ್ತಿದ್ದ. ಅದನ್ನೆಲ್ಲ ಅವಳು ತನ್ನ ಜಾಣತನ ಎಂದುಕೊಂಡಿದ್ದಳು. ನಾಚಿಕೆಯಾಯಿತು. ಮಂಕು ಎಂದು ತಾನು ಅಂದುಕೊಂಡಿದ್ದ ಗಂಡನಿಗೆ ಮನಸ್ಸಿನಲ್ಲೇ ಕೈಮುಗಿದಳು.

"ಹಂಗಾದ್ರ ಕವಚ ಹೋತು," ಎಂದರು ಇಂದುಧರರು.

"ನಿಯಮ ಇರೋದು ಗುರುತು ಬಯಲಾದರೆ ಅಂತ. ಇಲ್ಲಿ ಯಾರೂ ಬಯಲು ಮಾಡಿಲ್ಲ. ತೊಟ್ಟವರಿಗೆ ತೊಂದರೆ ಆಗಬಾರದು ಅನ್ನೋದು ಅದರ ಉದ್ದೇಶ. ಮೂರು ವರ್ಷದಲ್ಲಿ ತೊಂದರೆ ಆಗಿಲ್ಲ. ನಾನು ಹಾಗಂತ ಬರೆದು ಸಹಿ ಹಾಕಬಲ್ಲೆ. ತೀರ್ಮಾನ ನನ್ನದೇ." ಪ್ರಫುಲ್ಲ ಪರದೆಯ ಕೆಳಭಾಗದ ಒಂದು ಗೆರೆಯ ಮೇಲೆ ಬೆರಳಿಟ್ಟರು. "ಆದರೆ ಮೂವತ್ತಮೂರನೇ ನಂಬರು. ಹುಲಿಗೆವ್ವ. ಮಗನನ್ನು ಕಳೆದುಕೊಂಡವರು. ಆ ಲೈನ್‌ಮನ್ ಮನೆಗೆ ಕಲ್ಲು ಹೊಡೆದವರೂ ಇಂಥವರೇ ಅಲ್ವಾ? ಅಲೆ ನೋಡಿದರೆ ಈಕೆಗೂ ಗೊತ್ತು. ಗೊತ್ತಿದೆ ಅನ್ನೋದನ್ನ ಟೊಪ್ಪಿಗೆ ಹೇಳುತ್ತೆ, ಎದೆಯಲ್ಲಿ ಏನಿದೆ ಅಂತ ಹೇಳೋದಿಲ್ಲ. ಸಿಟ್ಟಿದ್ದರೆ ನಾನು ಸಹಿ ಹಾಕೋ ಹಾಗಿಲ್ಲ. ನಾನು ಹೊರಗಿನವಳು, ನನ್ನ ಹತ್ರ ಅವರು ಬಾಯಿ ಬಿಡಲ್ಲ. ಈ ಊರಿನ ಹೆಂಗಸು ಯಾರಾದರೂ ಹೋಗಿ ಮಾತಾಡಬೇಕು."

ಈಗ ಪ್ರಫುಲ್ಲ ತಿರುಗಿ ಫಕೀರವ್ವನನ್ನು ನೋಡಿದರು. ಹೆಸರು ಹಿಡಿದು ಕರೆಯಲಿಲ್ಲ. "ಅಮ್ಮಾ, ಅವರು ದಿನಾ ನಿಮ್ಮ ಹತ್ರ ರೊಟ್ಟಿ ತಗೋತಾರಂತೆ. ಸ್ವಲ್ಪ ಕೇಳಿ ನೋಡ್ತೀರಾ?"

ಉರಿಯುವ ಯಂತ್ರದ ಕಂಬ ಹತ್ತಿದ ಕಾಲುಗಳು ಹುಲಿಗೆವ್ವನ ಓಣಿಯಲ್ಲಿ ತಡೆದು ತಡೆದು ನಡೆದವು. ಪ್ರಫುಲ್ಲ ಓಣಿಯ ತುದಿಯ ಕಟ್ಟೆಯ ಮೇಲೆ ಕೂತರು. ಮುದುಕಿ ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ತೊಗರಿಬೇಳೆ ಆರಿಸುತ್ತಿದ್ದಳು. ಫಕೀರವ್ವ ರೊಟ್ಟಿಯ ಗಂಟು ಕೆಳಗಿಟ್ಟು ಅವಳೆದುರು ಕೂತಳು.

"ಇವತ್ತ ನೀನ ತಂದೀ? ನಾ ಬರತಿದ್ನೆಲ್ಲ ತಂಗಿ."

"ಎವ್ವಾ, ಒಂದ ಮಾತು ಕೇಳಲೇನು?" ಫಕೀರವ್ವ ಗಂಟನ್ನು ಅವಳತ್ತ ಸರಿಸಿದಳು. "ಗಾಳೆವ್ವನ ಮ್ಯಾಲ ನಿನಗ ಸಿಟ್ಟು ಐತೇನು?"

ಮೊರದ ಮೇಲಿನ ಬೆರಳುಗಳು ನಿಂತವು. ಹುಲಿಗೆವ್ವ ತಲೆಯೆತ್ತಿದಳು.

"ಇತ್ತು," ಎಂದಳು. "ಒಂದು ತಿಂಗಳು ಇತ್ತು. ನಾಕು ಮಂದೀನ ಹೊರಗ ತಂದಾಕಿ ನನ್ನ ಮಗನ್ನ ಯಾಕ ಬಿಟ್ಲು ಅಂತ ಹೊಟ್ಟ್ಯಾಗ ಬೆಂಕಿ ಇತ್ತು. ಆಮ್ಯಾಲ ಕ್ವಾರಿ ಮೇಸ್ತ್ರಿ ಬಂದು ಹೇಳಿದ. ಅಂವನ ಮ್ಯಾಲಿನ ಬಂಡಿಗಲ್ಲು ಎತ್ತಿದ್ರ ಇಡೀ ಗುಡ್ಡ ಇಳೀತಿತ್ತಂತ. ಎಲ್ಲಾರೂ ಹೊರಗ ಬಾ ಅಂದ್ರೂ ಆಕಿ ಬರಲಿಲ್ಲಂತ. ಮೂರು ತಾಸು ಅಂವನ ಕೈ ಹಿಡಕೊಂಡು ಕುಂತಿದ್ಲಂತ. ನಾ ಹಡದಾಕಿ, ನಾ ಅಲ್ಲಿ ಇರಲಿಲ್ಲ. ನನ್ನ ಬದಲಿ ಆಕಿ ಇದ್ಲು. ಆಕಿ ಮ್ಯಾಲ ಏನಂತ ಸಿಟ್ಟು ಮಾಡ್ಲಿ?"

ಫಕೀರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಒಂದ ಆಸೆ ಉಳದೈತಿ," ಎಂದಳು ಹುಲಿಗೆವ್ವ, ಮೊರವನ್ನು ನೋಡುತ್ತ. "ಅಂವ ಕಡೀಕ ಏನಂದ ಅಂತ ಆಕೀನ ಕೇಳಬೇಕಂತ. ದಿನಾ ಅನಸತೈತಿ. ರೊಟ್ಟಿ ತರಾಕ ಬಂದಾಗೆಲ್ಲ ನಾಲಿಗಿ ತುದಿಗೆ ಬರತೈತಿ. ಆದ್ರ ನಾ ಕೇಳಿದ್ರ ವೇಷ ಕೆಡತೈತಿ. ನಾಳಿ ಇನ್ನೊಬ್ಬಾಕಿ ಮಗ ಕಲ್ಲಿನ ತೆಳಗ ಸಿಕ್ರ ಯಾರು ಹೋಗತಾರ? ಅದಕ್ಕ ಎರಡು ರೊಟ್ಟಿ ತಗೊಂಡು ಬಂದುಬಿಡತೀನಿ."

ಒಂದು ವರ್ಷ. ಮುನ್ನೂರಕ್ಕೂ ಹೆಚ್ಚು ಸಲ ಈ ಮುದುಕಿ ಬಂದು, ಮಗನ ಕೊನೆಯ ಮಾತು ಕೇಳಿದವಳ ಕೈಯಿಂದ ರೊಟ್ಟಿ ತೆಗೆದುಕೊಂಡು, ಕೇಳದೆ ಹೋಗಿದ್ದಳು. ಫಕೀರವ್ವನಿಗೆ ಅವಳ ಕಾಲಿಗೆ ಬೀಳಬೇಕೆನ್ನಿಸಿತು. ಬಿದ್ದರೆ ಮುದುಕಿ ಇಷ್ಟು ದಿನ ಕಾಪಾಡಿಕೊಂಡು ಬಂದದ್ದೆಲ್ಲ ನೀರುಪಾಲಾಗುತ್ತಿತ್ತು. ಕಣ್ಣೊರೆಸಿಕೊಂಡು, ಊರ ಸುದ್ದಿ ಹೇಳುವವರಂತೆ ಮಾತು ತೆಗೆದಳು.

"ಗಾಳೆವ್ವ ಯಾರದೋ ಮುಂದ ಹೇಳಿದ್ಲಂತ ಎವ್ವಾ. ಅವರು ನನಗ ಹೇಳಿದ್ರು."

ಹುಲಿಗೆವ್ವ ಮುಂದಕ್ಕೆ ಬಾಗಿದಳು. "ಏನಂತ?"

"ನನಗ ನೋವು ಆಗಾಕತ್ತಿಲ್ಲ ಅಂತ ಅವ್ವಗ ಹೇಳು ಅಂದ್ನಂತ. ಎರಡು ಸಲ ಹೇಳಿದ್ನಂತ."

"ಖರೇನ ಆಗಿರಲಿಲ್ಲೇನು? ನಾ ಹೆದರಬಾರದಂತ ಅಂದ್ನೋ?"

"ಖರೇನ ಇರಲಿಲ್ಲಂತ. ಸೊಂಟದ ಕೆಳಗ ಜೋಮು ಹಿಡದಿತ್ತಂತ. ಆಕಿ ಕೈ ಹಿಡಕೊಂಡ ಮಾತಾಡತಾ ಇದ್ನಂತ. ಆಮ್ಯಾಲ ನಿದ್ದಿ ಬರಾಕತ್ತೈತಿ ಅಂದು ಕಣ್ಣು ಮುಚ್ಚಿದ್ನಂತ. ಒದ್ದಾಡಲಿಲ್ಲಂತ ಎವ್ವಾ."

ಹುಲಿಗೆವ್ವ ಮೊರ ಪಕ್ಕಕ್ಕೆ ಸರಿಸಿದಳು. ಫಕೀರವ್ವನ ಎರಡೂ ಕೈಗಳನ್ನು ಹಿಡಿದು ತನ್ನ ಕಣ್ಣುಗಳಿಗೆ ಒತ್ತಿಕೊಂಡು, ಸದ್ದಿಲ್ಲದೆ ಅತ್ತಳು. ಫಕೀರವ್ವನೂ ಅತ್ತಳು. ಪ್ರಫುಲ್ಲ ಬಂದು ಬಾಗಿಲಲ್ಲಿ ನಿಂತದ್ದು ಇಬ್ಬರಿಗೂ ಕಾಣಲಿಲ್ಲ. ಅವರು ಏನೂ ಕೇಳಲಿಲ್ಲ. ಹೊಸ್ತಿಲ ಹೊರಗೆ ಕೂತು, ತೊಡೆಯ ಮೇಲೆ ವರದಿ ಇಟ್ಟುಕೊಂಡು, ಕವಚ ಈ ಊರಿನಲ್ಲೇ ಇರಲಿ ಎಂದು ಬರೆದು ಸಹಿ ಹಾಕಿದರು.

ಒಳಗೆ ಹುಲಿಗೆವ್ವ ಮುಖ ಒರೆಸಿಕೊಂಡು, ಆ ಕೈಗಳನ್ನು ಇನ್ನೂ ಬಿಡದೆ ಹೇಳಿದಳು, "ಗಾಳೆವ್ವ ಸಿಕ್ರ ಒಂದು ಮಾತು ಹೇಳು ತಂಗಿ. ಹುಲಿಗೆವ್ವ ಇವತ್ತ ಕಣ್ತುಂಬ ನಿದ್ದಿ ಮಾಡತಾಳಂತ ಹೇಳು."

"ಹೇಳತೀನಿ ಎವ್ವಾ," ಎಂದಳು ಫಕೀರವ್ವ. "ಕೇಳಿದ್ರ ಆಕಿಗೂ ನಿದ್ದಿ ಹತ್ತತೈತಿ."